ಕ್ಯಾರಿಯರ್ ಮೇಲೆ ಅಕ್ಕ

"ಅಕ್ಕಾ, ಕೂತ್ಯಾ?"

"ಕೂತೆ ಕಣೇ. ನಡಿ, ನಡಿ!"

ಎಪ್ಪತ್ತು ದಾಟಿದ ಪುಟ್ಟಿ ಪೆಡಲ್ ಒತ್ತಿದಳು. ಸೈಕಲ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಾಡಿ ಅಂತೂ ದಾರಿಗೆ ಬಂತು. ಅಬ್ಬಾ! ಹ್ಯಾಂಡಲ್ ಹಿಡಿದವಳು ತಾನು, ಬಟ್ಟೆಯ ಗಂಟು ತಬ್ಬಿಕೊಂಡು ಹಿಂದೆ ಕೂತವಳು ಅಕ್ಕ. ಇಬ್ಬರೂ ಸೇರಿ ಹೊಲಿಗೆ ಅಂಗಡಿ ತೆರೆದಾಗಿನಿಂದ ತುಳಿಯುತ್ತಿದ್ದವಳು ಅಕ್ಕ, ಹಿಂದೆ ಕೂರುತ್ತಿದ್ದವಳು ತಾನು. ಈಗ ಅಕ್ಕನ ಕಣ್ಣಿಗೆ ಎದುರಿನದು ಮಾತ್ರ ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಕತ್ತರಿ ಹಿಡಿಯಲು ಅಡ್ಡಿಯಿಲ್ಲ, ಸೈಕಲ್ ಮಾತ್ರ ತುಳಿಯಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಪುಟ್ಟಿಯ ಮಗನಿಗೆ ಅಷ್ಟೇ ಸಾಕಾಯಿತು. "ದುಡಿದಿದ್ದು ಸಾಕು, ಇಬ್ರೂ ಮನೇಲಿ ಹಾಯಾಗಿ ಕೂತ್ಕೊಳ್ಳಿ" ಎಂದು ಅಂಗಡಿಯ ಬೀಗದ ಕೈಯನ್ನು ಜೇಬಿಗೆ ಇಳಿಸಿಬಿಟ್ಟ. ಕೂತದ್ದೂ ಆಯಿತು. ಕೆಲವೇ ವಾರಗಳಲ್ಲಿ ಅಕ್ಕ ತಲೆ ಬಾಚಿಕೊಳ್ಳುವುದನ್ನೇ ಬಿಟ್ಟಳು. ಇವತ್ತು ಯಾವ ವಾರ ಎಂದು ಬೆಳಿಗ್ಗೆ ಕೇಳಿದ್ದನ್ನೇ ಸಂಜೆಯೂ ಕೇಳತೊಡಗಿದಳು. ಅದನ್ನು ಕಂಡು ಪುಟ್ಟಿ ತಾನೇ ಸೈಕಲ್ ಕಲಿಯುತ್ತೇನೆಂದು ಹೊರಟಳು. ಸೈಕಲ್ ತಳ್ಳಿಕೊಂಡು ಮೈದಾನಕ್ಕೆ ಇಳಿದೇಬಿಟ್ಟಳು. ಮಂಡಿ ತರಚಿತು, ಮಗ ಕೂಗಾಡಿದ, ಇವಳು ಪಟ್ಟು ಬಿಡಲಿಲ್ಲ. ಕೊನೆಗೆ ಅವನೇ ಸೋತು ಒಂದು ಷರತ್ತು ಹಾಕಿದ.

"ಬೇರೆ ಯಾರ ಕೈಯೂ ತಾಗದೆ ನೀವಿಬ್ರೇ ಸೈಕಲ್ಲಲ್ಲಿ ಅಂಗಡಿ ಮುಟ್ಟಿದ್ರೆ ಬೀಗದ ಕೈ ನಿಮ್ದು. ಇಲ್ಲಾಂದ್ರೆ ಇನ್ಮೇಲೆ ಅಂಗಡಿ ಮಾತೇ ಎತ್ತಬಾರ್ದು."

ಈಗ ಅವನು ಸ್ಕೂಟರಿನಲ್ಲಿ ಹಿಂದೆಯೇ ಬರುತ್ತಿದ್ದ. ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೆ ಓಡಿಬಂದು ಕೇಕೆ ಹಾಕಿದ. ಪುಟ್ಟಿಯ ಮುಖದ ತುಂಬ ನಗು.

"ನಿಧಾನ ಕಣೇ, ಮುಂದೆ ಗುಂಡಿ ಇದೆ!"

"ಗೊತ್ತು ಬಿಡಕ್ಕ. ಈ ದಾರಿಯ ಒಂದೊಂದು ಗುಂಡೀನೂ ನನ್ನ ಸೊಂಟಕ್ಕೆ ಪರಿಚಯ ಮಾಡ್ಸಿದ್ದೀಯಲ್ಲ!"

ಅಕ್ಕ ಕಿಲಕಿಲನೆ ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ! ಪುಟ್ಟಿ ಇನ್ನಷ್ಟು ಜೋರಾಗಿ ತುಳಿದಳು. ಅಂಗಡಿಯ ಮುಂದಿನ ದಿಣ್ಣೆ ಬಂದೇಬಿಟ್ಟಿತು.

ಎಡವಟ್ಟಾದದ್ದು ಅಲ್ಲೇ. ದಿಣ್ಣೆ ಬಂದ ಕೂಡಲೇ ಕ್ಯಾರಿಯರಿನಿಂದ ಜಿಗಿಯುವುದು ಪುಟ್ಟಿಯ ಕಾಲುಗಳಿಗೆ ರೂಢಿಯಾಗಿಹೋಗಿತ್ತು. ಇವತ್ತು ತಾನು ಕೂತಿರುವುದು ಸೀಟಿನ ಮೇಲೆ ಎಂಬುದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಟಣ್ಣನೆ ಜಿಗಿದೇಬಿಟ್ಟಳು! ತುಳಿಯುವವರಿಲ್ಲದ ಸೈಕಲ್ ಅಕ್ಕನನ್ನು ಹೊತ್ತುಕೊಂಡು ನಾಲ್ಕು ಹೆಜ್ಜೆ ಹೋಗಿ ರಸ್ತೆ ಬದಿಯ ಹುಲ್ಲಿನ ಮೇಲೆ ಮಗುಚಿಕೊಂಡಿತು.

"ಅಕ್ಕಾ!" ಪುಟ್ಟಿಗೆ ಜೀವ ಬಾಯಿಗೆ ಬಂತು.

ಮಗ ಸ್ಕೂಟರ್ ನಿಲ್ಲಿಸಿ ಓಡಿಬಂದ. "ಸಾಕು ದೊಡ್ಡಮ್ಮ, ಮುಗೀತು. ಕೈ ಕೊಡಿ, ಮನೆಗೆ ಹೋಗೋಣ."

"ಮುಟ್ಬೇಡ!" ಬಟ್ಟೆಯ ಗಂಟಿನ ಮೇಲೆ ಬಿದ್ದಿದ್ದ ಅಕ್ಕ ಅಲ್ಲಿಂದಲೇ ಗುಡುಗಿದಳು. "ಬೀಳಬಾರ್ದು ಅಂತ ಹೇಳಿದ್ಯಾ ನೀನು? ಕೈ ತಾಗಬಾರ್ದು ಅಂದೆ. ಈಗ ನೀನೇ ಕೈ ತಾಗಿಸಿ ನಮ್ಮನ್ನ ಸೋಲಿಸ್ಬೇಕು ಅಂತಾನಾ?"

ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವನು ಕಕ್ಕಾಬಿಕ್ಕಿಯಾದ. ಅಕ್ಕ ಮಗ್ಗುಲಾಗಿ, ಮಂಡಿಯೂರಿ, ತಾನೇ ಎದ್ದಳು. ಮೈ ಕೊಡವಿಕೊಂಡು, ಪುಟ್ಟಿ ಎತ್ತಿ ನಿಲ್ಲಿಸಿದ ಸೈಕಲ್ಲಿನ ಕ್ಯಾರಿಯರಿಗೆ ಗಂಟನ್ನು ಸಿಕ್ಕಿಸಿದಳು. "ಹತ್ತೇ ಪುಟ್ಟಿ. ನೀನು ತುಳಿ. ಇವತ್ತು ಇಳಿಯೋ ಸರದಿ ನಂದು."

ಪುಟ್ಟಿ ತುಳಿದಳು, ಅಕ್ಕ ಎರಡೂ ಕೈ ಕ್ಯಾರಿಯರಿಗೆ ಕೊಟ್ಟು ತಳ್ಳಿದಳು. ಅರ್ಧ ದಿಣ್ಣೆಗೆ ಬರುವಷ್ಟರಲ್ಲಿ ಸೈಕಲ್ ನಿಂತೇಹೋಗುವಂತಾಯಿತು.

"ತಳ್ಳಕ್ಕಾ!"

"ನೀನು ತುಳಿಯೇ!"

"ಅಮ್ಮಾ, ಇನ್ನೊಂಚೂರು! ದೊಡ್ಡಮ್ಮಾ, ಬಿಡ್ಬೇಡಿ!" ತಾನು ಯಾರ ಪಕ್ಷ ಎಂಬುದನ್ನು ಮರೆತ ಮಗ ಹಿಂದಿನಿಂದ ಅರಚುತ್ತಿದ್ದ.

ದಿಣ್ಣೆಯ ಮೇಲೆ, ಅಂಗಡಿಯ ಬಾಗಿಲಲ್ಲಿ ಸೈಕಲ್ ನಿಂತಿತು. ಮಗ ಪಕ್ಕಕ್ಕೆ ಬಂದು ಬೀಗದ ಕೈ ಚಾಚಿದ. ಅಕ್ಕನಿಗೆ ಅದು ಕಾಣಲಿಲ್ಲ. ಏದುಸಿರು ಬಿಡುತ್ತಾ ಅವಳು ಎದುರಿಗಿದ್ದ ತಂಗಿಯ ಬೆನ್ನನ್ನೇ ನೋಡುತ್ತಿದ್ದಳು.

"ಪುಟ್ಟಿ, ನೀನು ದಿನಾ ಇಳಿದು ಹೀಗೇ ತಳ್ತಿದ್ಯಾ?"

ಪುಟ್ಟಿ ತಿರುಗಿ ನೋಡಿ ನಕ್ಕಳು.

"ಈ ದಿಣ್ಣೇನ ನಾನೊಬ್ಬಳೇ ತುಳಿದು ಹತ್ತಿಸ್ತೀನಿ ಅಂತ ಬಂದ ಗಿರಾಕಿಗಳ ಹತ್ರ ಎಲ್ಲಾ ಜಂಬ ಕೊಚ್ಕೊಂಡೆನಲ್ಲೇ" ಎಂದಳು ಅಕ್ಕ. "ಒಂದು ದಿನಾನಾದ್ರೂ ಹೇಳ್ಬಾರ್ದಿತ್ತಾ?"