ಬ್ಯಾಂಡ್ ಸೋರುತ್ತಿದೆ

“ಬ್ಯಾಂಡ್ ಸೋರ್ತಾ ಇದೆ ಸಿಸ್ಟರ್, ಅನುಮಾನವೇ ಬೇಡ,” ಎಂದು ಪಂಕ್ಚರ್ ಅಂಗಡಿಯ ತಮ್ಮ, ನರ್ಸ್ ಕೈತೊಳೆದು ಬರುವ ಮೊದಲೇ ತೀರ್ಪು ಕೊಟ್ಟುಬಿಟ್ಟ. ಅವನ ಅಕ್ಕ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿಕೊಂಡು ಆಸ್ಪತ್ರೆಯ ಮಂಚದಲ್ಲಿ ಮಲಗಿ, ಇದೆಲ್ಲ ತನಗೆ ಸಂಬಂಧಿಸಿದ್ದೇ ಅಲ್ಲವೆಂಬಂತೆ ಚಾವಣಿ ನೋಡುತ್ತಿದ್ದಳು.

ತೂಕ ಇಳಿಯಲೆಂದು ಹೊಟ್ಟೆಯೊಳಗೆ ಬ್ಯಾಂಡ್ ಹಾಕಿದ ಆಪರೇಷನ್ ಆಗಿ ಕೆಲವು ತಿಂಗಳುಗಳಾಗಿದ್ದವು. ಮೊದಮೊದಲು ಸರಸರನೆ ಇಳಿದ ತೂಕ ಈಗ ಕದಲದೆ ಕೂತಿತ್ತು. ಅಕ್ಕ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ತನ್ನ ಮನೆಯಲ್ಲೇ ನೋಡಿಕೊಳ್ಳುವವಳು. ನೆಲದ ಮೇಲೆ ಬಿದ್ದು ಅಳುವ ಮಗುವನ್ನು ಬಗ್ಗಿ ಎತ್ತಿಕೊಳ್ಳಲು ಅವಳಿಗೆ ಆಗುತ್ತಿಲ್ಲವೆಂದು ಇಬ್ಬರು ಆಗಲೇ ಮಕ್ಕಳನ್ನು ಬಿಡಿಸಿಕೊಂಡು ಹೋಗಿದ್ದರು. ಮತ್ತೊಬ್ಬಳು ದಿನಾ ಬಾಗಿಲಲ್ಲಿ ನಿಂತು ಯೋಚಿಸುತ್ತಿದ್ದಳು. ಬ್ಯಾಂಡೂ ಕೈಕೊಟ್ಟರೆ ಅಕ್ಕನ ಕೆಲಸಕ್ಕೇ ಬೀಗ.

ತಮ್ಮನಿಗೆ ಈ ಬ್ಯಾಂಡ್ ಅಂದರೆ ಮೊದಲಿನಿಂದಲೂ ಎಲ್ಲಿಲ್ಲದ ಕುತೂಹಲ. ಆಪರೇಷನ್ನಿಗೆ ಮುಂಚೆ ಡಾಕ್ಟರು ತೋರಿಸಿದ ಮಾದರಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ದ. ಜಠರದ ಮೇಲ್ಭಾಗಕ್ಕೆ ಬಳೆಯಂತೆ ತೊಡಿಸುವ ಮೆತ್ತನೆಯ ಪಟ್ಟಿ. ಅದಕ್ಕೊಂದು ಸಣ್ಣ ಟ್ಯೂಬು. ಟ್ಯೂಬಿನ ತುದಿಗೆ ಚರ್ಮದಡಿ ಕೂರುವ ಗುಂಡಿ. ಗುಂಡಿಗೆ ಸೂಜಿ ಚುಚ್ಚಿ ಉಪ್ಪುನೀರು ತುಂಬಿದರೆ ಬಳೆ ಬಿಗಿ, ತೆಗೆದರೆ ಸಡಿಲ. ಬಳೆಯ ಮೇಲೆ ಉಳಿಯುವ ಜಠರದ ಪುಟ್ಟ ಚೀಲಕ್ಕೆ ಬಂದ ತುತ್ತು ನಿಧಾನವಾಗಿ ಕೆಳಗಿಳಿಯುತ್ತದೆ. ನಾಲ್ಕು ತುತ್ತಿಗೇ ಸಾಕೆನಿಸುತ್ತದೆ. ಅವನಿಗೆ ಪರದೇಶದಲ್ಲಿ ನಂಟರು ಸಿಕ್ಕಷ್ಟು ಸಂತೋಷವಾಗಿತ್ತು. ಟ್ಯೂಬು ಇದ್ದಮೇಲೆ ಇವತ್ತಲ್ಲ ನಾಳೆ ಸೋರಿಯೇ ಸೋರುತ್ತದೆ. ಅದರಿಂದಲೇ ಅಲ್ಲವೇ ಅವನ ಅನ್ನ.

“ನೀರಲ್ಲಿ ಮುಳುಗಿಸಿ ಗುಳ್ಳೆ ನೋಡೋಣ ಅಂತೀರಾ?” ಎಂದಳು ನರ್ಸ್.

“ಅಕ್ಕ ಹಿಡಿಸೋ ಅಂಥ ತೊಟ್ಟಿ ನನ್ನತ್ರ ಇಲ್ಲ ಸಿಸ್ಟರ್.”

“ಮನೆಗೆ ಬಾ, ನಿನಗಿದೆ,” ಎಂದಿತು ಮಂಚ.

ನರ್ಸ್ ಗುಂಡಿ ತಡಕಿ, ಸೂಜಿ ಇಳಿಸಿ, ಬ್ಯಾಂಡಿನೊಳಗಿದ್ದ ನೀರನ್ನೆಲ್ಲ ಸಿರಿಂಜಿಗೆ ಎಳೆದಳು. ತಮ್ಮ ಕಣ್ಣು ಕಿರಿದು ಮಾಡಿ ಗೆರೆ ನೋಡಿದ. ಹೋದ ಸಲ ತುಂಬಿಸಿದಷ್ಟೂ ಇತ್ತು, ಹನಿ ಕಮ್ಮಿಯಿಲ್ಲ. ಅವನ ಮುಖ ಇಳಿದುಹೋಯಿತು.

“ಹಾಗಾದ್ರೆ ಇನ್ನಷ್ಟು ಬಿಗಿ ಮಾಡಿ.”

“ಇದು ಟೈರಲ್ಲ. ಜಾಸ್ತಿ ಬಿಗಿಯಾದ್ರೆ ತಿಂದಿದ್ದೆಲ್ಲ ವಾಪಸ್ ಬರುತ್ತೆ.” ನೀರನ್ನು ಮೊದಲಿನಷ್ಟೇ ತುಂಬಿಸಿ ನರ್ಸ್ ಅಕ್ಕನ ಕಡೆ ತಿರುಗಿದಳು. “ಏನೇನು ತಿಂತೀರಮ್ಮ?”

“ಒಂದು ಬಟ್ಟಲು ಬೇಯಿಸಿದ ತರಕಾರಿ, ಒಂದು ಮೊಟ್ಟೆ. ಅಗಿದು ಅಗಿದು ದವಡೆ ಸವೆದುಹೋಯ್ತು. ಬೇಕಾದ್ರೆ ಇವನನ್ನೇ ಕೇಳಿ.”

“ಕುಡಿಯೋದು? ಗಟ್ಟಿ ಊಟವನ್ನ ಬ್ಯಾಂಡ್ ತಡೀತದೆ. ಸಿಹಿಯಾಗಿ ಏನಾದ್ರೂ ಕುಡಿದ್ರೆ ಅದು ಸುಮ್ಮನೆ ಜಾರಿ ಒಳಗೆ ಹೋಗುತ್ತೆ. ಅದಕ್ಕೇ ಕೇಳಿದೆ.”

“ನೀರು ಬಿಟ್ಟು ಇನ್ನೇನೂ ಮುಟ್ಟಲ್ಲ. ಕಾಫಿಗೂ ಸಕ್ಕರೆ ಬಿಟ್ಟಿದೀನಿ,” ಎಂದಳು ಅಕ್ಕ. ಅವಳು ಸುಳ್ಳು ಹೇಳುತ್ತಿರಲಿಲ್ಲ. ಹೇಳಿದರೆ ಅವಳ ಕಿವಿ ಕೆಂಪಾಗುತ್ತದೆಂದು ತಮ್ಮನಿಗೆ ಗೊತ್ತು.

ಆದರೂ ಅವನ ಮನಸ್ಸು ಒಪ್ಪಲಿಲ್ಲ. ಅಕ್ಕನನ್ನು ಮನೆಗೆ ಬಿಟ್ಟವನು ಅಂಗಡಿಗೆ ಹೋಗದೆ ಅಲ್ಲೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತ. ಅಷ್ಟು ಹೊತ್ತು ಮಕ್ಕಳನ್ನು ನೋಡಿಕೊಂಡಿದ್ದ ಪಕ್ಕದ ಮನೆಯಾಕೆ ಹೊರಟುಹೋದಳು. ಮಕ್ಕಳು ನಿದ್ದೆಯಿಂದೆದ್ದರು. ಅಕ್ಕ ಚಾಕೊಲೇಟ್ ಪುಡಿ ಕಲಸಿದ ಹಾಲನ್ನು ಸಾಲಾಗಿ ಕೊಟ್ಟಳು. ಒಬ್ಬ ಕುಡಿದ, ಒಬ್ಬಳು ಮುಖ ತಿರುಗಿಸಿದಳು, ಇನ್ನೊಬ್ಬ ಅರ್ಧಕ್ಕೇ ಬಿಟ್ಟು ಹಾಲಿನ ಮೀಸೆ ಮಾಡಿಕೊಂಡು ಓಡಿದ. ಅಕ್ಕ ಲೋಟಗಳನ್ನು ತಟ್ಟೆಯಲ್ಲಿ ಒಟ್ಟು ಮಾಡಿ ತಂದು ಸಿಂಕಿನ ಪಕ್ಕ ಇಟ್ಟಳು. ಒಂದನ್ನು ಎತ್ತಿ ಗಟಗಟನೆ ಬರಿದು ಮಾಡಿ ತೊಳೆಯಲು ಹಾಕಿದಳು. ಇನ್ನೊಂದನ್ನು ಎತ್ತಿದಳು.

“ಅಕ್ಕ, ಏನು ಮಾಡ್ತಿದೀಯ?”

“ಕಾಣಲ್ವೇನೋ? ಲೋಟ ತೊಳೀತಿದೀನಿ.”

“ತೊಳೆಯೋಕೆ ಮುಂಚೆ?”

“ಮುಂಚೆ ಏನು?”

“ಕುಡಿದೆ ನೀನು.”

“ನಾನಾ?” ಅಕ್ಕ ಕೈಯಲ್ಲಿದ್ದ ಲೋಟವನ್ನು ಯಾರೋ ಈಗ ತಂದು ಕೊಟ್ಟರೆಂಬಂತೆ ನೋಡಿದಳು. “ಇದು ನಾನು ಕುಡಿಯೋದಲ್ವೋ. ಮಕ್ಕಳು ಬಿಟ್ಟಿದ್ದು.”

ತಮ್ಮನಿಗೆ ನಗು ಬಂತು. ಆದರೆ ಅವಳ ಕಿವಿ ಕೆಂಪಾಗಿರಲಿಲ್ಲ. ನಗು ಅಲ್ಲೇ ನಿಂತಿತು.

“ಯಾರು ಬಿಟ್ಟಿದ್ದು ಅಂತ ಹೊಟ್ಟೆ ಕೇಳುತ್ತಾ ಅಕ್ಕ? ಎಷ್ಟು ದಿನದಿಂದ ಹೀಗೆ?”

ಅಕ್ಕ ಉಳಿದ ಲೋಟಗಳನ್ನೊಮ್ಮೆ ನೋಡಿದಳು. ಬೆಳಿಗ್ಗೆಯ ಲೋಟಗಳೂ ನೆನಪಾದವೇನೋ, ತುಟಿಯಲ್ಲೇ ಎಣಿಸತೊಡಗಿದಳು.

“ನೀನು ಲೋಟ ಹಿಡಿಯೋಕೆ ಕಲಿತಾಗಿನಿಂದ,” ಎಂದಳು ಮೆಲ್ಲಗೆ. “ಒಂದು ದಿನ ಪೂರ್ತಿ ಕುಡಿದವನಲ್ಲ ನೀನು. ಅರ್ಧ ಬಿಟ್ಟು ಆಟಕ್ಕೆ ಓಡ್ತಿದ್ದೆ. ಚೆಲ್ಲಿದರೆ ಅಮ್ಮ ಸುಮ್ಮನೆ ಬಿಡ್ತಿದ್ದಳಾ?”

ತಮ್ಮ ಅವಳ ಕೈಯಲ್ಲಿದ್ದ ಲೋಟದ ಕಡೆ ಬೆರಳು ತೋರಿಸಿದ. “ಅದನ್ನ ಚೆಲ್ಲು ಅಕ್ಕ,” ಎಂದ.

“ಹಾಲನ್ನಾ?”

“ಹಾಲನ್ನೇ.”

ಅವಳು ಲೋಟವನ್ನು ಸಿಂಕಿನ ಮೇಲೆ ಹಿಡಿದಳು. ತಲೆ ನರೆತ ಹೆಂಗಸು, ಕೈ ಬಗ್ಗಿಸುವ ಮುಂಚೆ ಒಮ್ಮೆ ಹಿಂದೆ ತಿರುಗಿ ಬಾಗಿಲ ಕಡೆ ನೋಡಿದಳು. ಅಮ್ಮ ಹೋಗಿ ಎಷ್ಟೋ ಕಾಲವಾಗಿತ್ತು. ಆದರೂ ತಮ್ಮ ಎದ್ದು ಹೋಗಿ ಬಾಗಿಲಿಗೆ ಅಡ್ಡವಾಗಿ ನಿಂತ.

“ಯಾರೂ ಬರ್ತಿಲ್ಲ,” ಎಂದ. “ಚೆಲ್ಲು.”