ಮೂರು ನಿಮಿಷ ಮೊದಲೇ ಬಂದ ತುಂಡು

ಇಪ್ಪತ್ತೇಳನೆಯ ಜೋಡಿ ಚೀಟಿಯ ಮೇಲೆ ಅಂಗಾಂಶ ಕೋಣೆಯ ಟೆಕ್ನಿಷಿಯನ್ ಬ್ಲೇಡಕ್ಕನ ಬೆರಳು ನಿಂತಿತು. ಆಪರೇಷನ್ ಥಿಯೇಟರಿನ ಚೀಟಿಯ ಪ್ರಕಾರ ಗೆಡ್ಡೆಯನ್ನು ಕತ್ತರಿಸಿ ತೆಗೆದದ್ದು ಹತ್ತು ನಲವತ್ತೆರಡಕ್ಕೆ. ಅವಳದೇ ಕೈಬರಹದ ಇನ್ನೊಂದು ಚೀಟಿಯ ಪ್ರಕಾರ, ಅದೇ ಗೆಡ್ಡೆಯ ತುಂಡು ಕೆಳಗಿನ ಅಂಗಾಂಶ ಕೋಣೆಗೆ ಬಂದು, ಹೆಪ್ಪುಗಟ್ಟಲು ದ್ರವ ಸಾರಜನಕಕ್ಕೆ ಇಳಿದದ್ದು ಹತ್ತು ಮೂವತ್ತೊಂಬತ್ತಕ್ಕೆ.

"ಇಲ್ನೋಡಿ ಡಾಕ್ಟ್ರೇ, ಈ ಮಗು ಹುಟ್ಟೋಕೆ ಮೂರು ನಿಮಿಷ ಮುಂಚೆನೇ ಸ್ಕೂಲಿಗೆ ಸೇರ್ಕೊಂಡಿದೆ."

ಡಾಕ್ಟರ್ ಡ್ರೈ ಐಸ್ ಪೆಟ್ಟಿಗೆಯಿಂದ ತಲೆಯೆತ್ತಲಿಲ್ಲ. ಮೂರು ವರ್ಷ ಕೂಡಿಟ್ಟ ನಲವತ್ತಾರು ತುಂಡುಗಳು ಅಂದು ಮಧ್ಯಾಹ್ನ ಒಂದಕ್ಕೆ ಕೊರಿಯರ್‌ನಲ್ಲಿ ಹೊರಡಬೇಕಿತ್ತು. ಹನ್ನೊಂದು ಆಸ್ಪತ್ರೆಗಳು ಸೇರಿ ನಡೆಸುವ ಅಧ್ಯಯನ ಅದು. ಒಂದೊಂದು ಆಸ್ಪತ್ರೆಯೂ ಕನಿಷ್ಠ ನಲವತ್ತು ಕಳಿಸಬೇಕು. ಕಡಿಮೆಯಾದರೆ ಪಟ್ಟಿಯಿಂದ ಹೆಸರು ಹೋಗುತ್ತದೆ, ಹೆಸರಿನ ಜೊತೆಗೆ ಅವನ ಮೂರು ವರ್ಷವೂ.

"ಕೈತಪ್ಪಿ ಬರ್ದಿರ್ತಾರೆ ಅಕ್ಕ. ನಲವತ್ತೆರಡನ್ನ ಇಪ್ಪತ್ತೆರಡು ಅಂತ ತಿದ್ದಿಬಿಡಿ. ಇಲ್ಲಾಂದ್ರೆ ಅದೊಂದನ್ನ ಎತ್ತಿ ಪಕ್ಕಕ್ಕಿಡಿ. ನಲವತ್ತೈದು ಇದ್ದೇ ಇದೆಯಲ್ಲ."

"ಇಪ್ಪತ್ತೆರಡು ವರ್ಷದಿಂದ ಮೇಣದಲ್ಲಿ ತುಂಡು ಕೂರಿಸಿ ಕೂದಲಿಗಿಂತ ತೆಳ್ಳಗೆ ಸೀಳ್ತಾ ಇದೀನಿ. ಅಂಕಿ ಮೇಲೆ ಮಾತ್ರ ಇವತ್ತಿನವರೆಗೂ ಬ್ಲೇಡ್ ಇಟ್ಟಿಲ್ಲ," ಎಂದು ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಆ ತುಂಡು ಬಂದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಲಿಫ್ಟ್ ಕೆಟ್ಟಿದ್ದರಿಂದ ತಾನೇ ಥಿಯೇಟರಿನ ಬಾಗಿಲಲ್ಲಿ ಡಬ್ಬಿ ಹಿಡಿದು ಕಾದಿದ್ದು, ಮೆಟ್ಟಿಲಿಳಿದು ಓಡಿಬಂದಿದ್ದಳು. ಅವಳ ಕೋಣೆಯ ಗಡಿಯಾರ ತಪ್ಪುವಂತಿರಲಿಲ್ಲ. ದಿನಾ ಬೆಳಿಗ್ಗೆ ಅದನ್ನು ಕಂಪ್ಯೂಟರಿನೊಂದಿಗೆ ತಾಳೆ ನೋಡಿದ ಮೇಲೆಯೇ ಅವಳು ಕೈಗವಸು ಹಾಕುತ್ತಿದ್ದದ್ದು.

ಥಿಯೇಟರಿನಲ್ಲಿ ಒಂದು ಆಪರೇಷನ್ ಮುಗಿದು ನೆಲ ಒರೆಸುತ್ತಿದ್ದರು. ಬ್ಲೇಡಕ್ಕ ಬಾಗಿಲ ಗಾಜಿನಾಚೆಯಿಂದ ಗೋಡೆಯ ಗಡಿಯಾರ ನೋಡಿದಳು, ತನ್ನ ಕೈಗಡಿಯಾರ ನೋಡಿದಳು.

"ಏನೇ, ನಿನ್ನ ಗಡಿಯಾರ ಹದಿನೈದು ನಿಮಿಷ ಮುಂದೆ ಓಡ್ತಿದೆ?"

ಹೆಡ್ ಸಿಸ್ಟರ್ ಮಾಸ್ಕ್ ಕೆಳಗಿಳಿಸಿ ನಕ್ಕಳು. "ಶ್, ಮೆಲ್ಲಗೆ! ಓಡ್ತಿರೋದಲ್ಲ, ನಾನೇ ಓಡಿಸಿದ್ದು. ಸರ್ಜನ್‌ಗಳು ಒಂಬತ್ತೂಕಾಲಿಗೆ ಆಕಳಿಸ್ಕೊಂಡು ಬರೋರು. ಈಗ ನೋಡು, ಒಂಬತ್ತಕ್ಕೆ ಸರಿಯಾಗಿ ಕೈ ತೊಳ್ಕೊಂಡು ನಿಂತಿರ್ತಾರೆ. ಒಳಗೆ ಯಾರೂ ವಾಚ್ ಕಟ್ಟೋ ಹಾಗಿಲ್ಲವಲ್ಲ, ಗೋಡೆ ಹೇಳಿದ್ದೇ ಟೈಮು."

"ಯಾವತ್ತಿಂದ ಈ ಕಿತಾಪತಿ?"

"ಹೊಸ ಚೀಫ್ ಸರ್ಜನ್ ಬಂದ ಮಾರನೇ ದಿನದಿಂದ. ಹದಿನಾಲ್ಕು ತಿಂಗಳಾಯ್ತು. ಯಾಕೆ, ನಿಮ್ಮಪ್ಪನ ಮನೆ ಗಂಟೇನಾದ್ರೂ ಹೋಯ್ತಾ?"

ಬ್ಲೇಡಕ್ಕ ಕೆಳಗಿಳಿದು ಬಂದಳು. ಹದಿನಾಲ್ಕು ತಿಂಗಳ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಕತ್ತರಿಸಿದ್ದು ಬರೆದದ್ದಕ್ಕಿಂತ ಮೊದಲೇ ಆದ್ದರಿಂದ ಒಂದೊಂದು ಜೋಡಿಯ ಅಂತರಕ್ಕೂ ಹದಿನೈದು ನಿಮಿಷ ಕೂಡಿಸತೊಡಗಿದಳು. ಕತ್ತರಿಸಿದ ಅರ್ಧ ಗಂಟೆಯೊಳಗೆ ತುಂಡು ಹೆಪ್ಪುಗಟ್ಟಬೇಕೆಂಬುದು ಅಧ್ಯಯನದ ನಿಯಮ. ಹದಿನೆಂಟು ನಿಮಿಷ ಎಂದು ಬೀಗುತ್ತಿದ್ದದ್ದು ಮೂವತ್ತಮೂರಾಯಿತು, ಇಪ್ಪತ್ತೈದು ನಲವತ್ತಾಯಿತು. ಹನ್ನೆರಡು ತುಂಡುಗಳು ಗೆರೆ ದಾಟಿದವು. ಇಪ್ಪತ್ತೇಳನೆಯದಕ್ಕೆ ಮಾತ್ರ ಬರೀ ಹನ್ನೆರಡು ನಿಮಿಷ. ಡಾಕ್ಟರ್ ಎತ್ತಿ ಪಕ್ಕಕ್ಕಿಡಿ ಎಂದಿದ್ದ ತುಂಡೇ ಇಡೀ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ತಾಜಾ ಆಗಿತ್ತು.

"ಮೂವತ್ತನಾಲ್ಕು," ಎಂದ ಡಾಕ್ಟರ್. "ಅಕ್ಕ, ಈ ಗಡಿಯಾರದ ವಿಷಯ ಗೊತ್ತಿರೋದು ನಮ್ಮ ಮೂರು ಜನಕ್ಕೆ."

"ಆ ಹನ್ನೆರಡು ತುಂಡಿಗೂ ಗೊತ್ತು ಡಾಕ್ಟ್ರೇ. ಹೊರಗೆ ಬಂದ ತುಂಡು ಸುಮ್ಮನೆ ಕೂತಿರಲ್ಲ, ರಕ್ತ ಇಲ್ದೆ ಒದ್ದಾಡ್ತಾ ನಿಮಿಷ ನಿಮಿಷಕ್ಕೂ ಬದಲಾಗ್ತಾ ಹೋಗುತ್ತೆ. ಆ ಒದ್ದಾಟನೇ ಕಾಯಿಲೆಯ ಲಕ್ಷಣ ಅಂತ ನೀವು ಬರೀತೀರಿ. ಆಮೇಲೆ ಇನ್ನೆಲ್ಲೋ ಇನ್ಯಾರೋ ಅದಕ್ಕೆ ಔಷಧಿ ಹುಡುಕ್ತಾ ಹತ್ತು ವರ್ಷ ಕಳೀತಾರೆ."

"ನನ್ನ ಮೂರು ವರ್ಷ?"

"ಈ ಮೂವತ್ತನಾಲ್ಕರಲ್ಲಿದೆ. ಇದ್ರಲ್ಲಿ ಒಂದಕ್ಕೂ ಯಾರೂ ಬೆರಳು ತೋರಿಸೋ ಹಾಗಿಲ್ಲ. ಅದಕ್ಕೆ ನಾನು ಜವಾಬ್ದಾರಿ."

ಡಾಕ್ಟರ್ ಪೆಟ್ಟಿಗೆಯ ಮುಚ್ಚಳ ತೆರೆದ. ಆಮೇಲೆ ದಪ್ಪ ಕೈಗವಸು ಹಾಕಿಕೊಂಡು, ಆ ಹನ್ನೆರಡು ತುಂಡುಗಳ ನಳಿಕೆಗಳನ್ನು ತಾನೇ ಒಂದೊಂದಾಗಿ ತೆಗೆದು ಫ್ರೀಜರಿಗೆ ಸೇರಿಸಿದ. ಕುರ್ಚಿ ಎಳೆದುಕೊಂಡು ಕೂತು, "ಹೇಳಿ, ಟೈಪ್ ಮಾಡ್ತೀನಿ," ಎಂದ.

ಅವಳು ಹೇಳಿದಳು: ಗಡಿಯಾರ ಎಷ್ಟು ಮುಂದಿತ್ತು, ಯಾವಾಗಿನಿಂದ, ಯಾತಕ್ಕಾಗಿ, ತಿದ್ದಿದ ಸಮಯಗಳು ಯಾವುವು. ಕೊನೆಗೆ, "ಹದಿನಾಲ್ಕು ತಿಂಗಳು ಎರಡೂ ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡದಿದ್ದದ್ದು ನನ್ನ ತಪ್ಪು," ಎಂದಳು.

"ಅದ್ಯಾಕೆ ಅಕ್ಕ? ಅದನ್ನ ಯಾರೂ ಕೇಳಲ್ಲ."

"ಕೇಳೋವರೆಗೂ ಕಾಯ್ಬೇಕಾ? ಹಾಕಿ ಹಾಕಿ, ಕೊರಿಯರ್‌ನವನು ಬರೋ ಹೊತ್ತಾಯ್ತು."

ಅವಳು ಸಹಿ ಹಾಕಿದಳು. ಡಾಕ್ಟರ್ ಅದರ ಕೆಳಗೆ, 'ಕನಿಷ್ಠಕ್ಕಿಂತ ಆರು ಕಡಿಮೆ ಇರುವುದು ನಮಗೆ ತಿಳಿದಿದೆ' ಎಂದು ಕೈಯಲ್ಲೇ ಬರೆದು ತನ್ನ ಸಹಿಯನ್ನೂ ಸೇರಿಸಿದ.

ನಾಲ್ಕನೆಯ ದಿನ ಉತ್ತರ ಬಂತು, ಎರಡೇ ಸಾಲು. "ನಿಮ್ಮ ಮೂವತ್ತನಾಲ್ಕನ್ನೂ ಸ್ವೀಕರಿಸಿದ್ದೇವೆ, ಹೆಸರು ಪಟ್ಟಿಯಲ್ಲೇ ಇದೆ. ಉಳಿದ ಹತ್ತು ಆಸ್ಪತ್ರೆಗಳ ಪೆಟ್ಟಿಗೆ ತೆರೆಯುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ."

ಅದೇ ಹೊತ್ತಿಗೆ, ಬೇರೆ ಬೇರೆ ಊರುಗಳ ಹತ್ತು ಆಪರೇಷನ್ ಥಿಯೇಟರುಗಳಲ್ಲಿ, ಯಾರೋ ಒಬ್ಬೊಬ್ಬರು ಕೈಗಡಿಯಾರ ಹಿಡಿದುಕೊಂಡು, ಗೋಡೆಯ ಗಡಿಯಾರದತ್ತ ಕತ್ತೆತ್ತಿ ನಿಂತಿದ್ದರು.