ಮಡಂತ್ಯಾರಿನ ತಲೆನೋವು

ತಲೆನೋವಿನ ಮೂಲ ಹುಡುಕಿಕೊಂಡು ಸರಕಾರಿ ಜೀಪು ಮಡಂತ್ಯಾರಿಗೆ ಬಂದಾಗ ಡಾಕ್ಟರ್ ನಿಝಾಮುದ್ದೀನರು ಸೇಸಮ್ಮನ ನಾಡಿ ಹಿಡಿದು ಕುಳಿತಿದ್ದರು. ಜೀಪಿನಿಂದ ಇಳಿದವಳು ಆರೋಗ್ಯ ಇಲಾಖೆಯ ಎಳೆಯ ವೈದ್ಯೆ ವಿಸ್ಮಿತಾ. ಕೊರಳಲ್ಲಿ ಹೆಸರಿನ ಬಿಲ್ಲೆ, ಕೈಯಲ್ಲಿ ಬಾವಿಯ ನೀರು ತುಂಬಿಕೊಳ್ಳಲು ತಂದ ಖಾಲಿ ಬಾಟಲಿಗಳು.

“ಸರ್, ನಿಮ್ಮಲ್ಲಿಗೆ ಬರುವ ಗಂಡಸರಿಗೆ ಜ್ವರ, ಕೆಮ್ಮು, ಮಂಡಿನೋವು ಎಲ್ಲ ಉಂಟು. ಹೆಂಗಸರಿಗೆ ಬರೇ ತಲೆನೋವು. ಕಂಪ್ಯೂಟರಿನಲ್ಲಿ ಜಿಲ್ಲೆಯ ನಕ್ಷೆ ತೆಗೆದರೆ ಮಡಂತ್ಯಾರು ಒಂದೇ ಕೆಂಪಗೆ ಕಾಣ್ತದೆ. ನೀರಿನಲ್ಲಿ ಏನಾದರೂ ಉಂಟೋ ಅಂತ ನೋಡಲಿಕ್ಕೆ ಕಳಿಸಿದ್ದಾರೆ.”

“ನೀರಿನಲ್ಲಿ ಅಲ್ಲ ಮೇಡಮ್ಮಾ, ಮನೆಯಲ್ಲಿ ಉಂಟು,” ಎಂದಳು ಸೇಸಮ್ಮ, ಬೆಂಚಿನ ಮೇಲಿದ್ದ ಗಂಡನ ಕಡೆ ಕೈ ತೋರಿಸಿ. “ಇವರನ್ನೇ ಬಾಟಲಿಯಲ್ಲಿ ತುಂಬಿಸಿ ಕೊಂಡೋಗಿ.”

ಕಾದು ಕುಳಿತವರೆಲ್ಲ ನಕ್ಕರು. ಗಂಡನೂ ನಕ್ಕ. ನಿಝಾಮುದ್ದೀನರಿಗೆ ಮಾತ್ರ ನಗು ಬರಲಿಲ್ಲ. ಆ ಕಂಪ್ಯೂಟರು ಬಂದದ್ದೇ ಅವರಂಥವರ ದುಡ್ಡಿನಿಂದ. ಯಾವ ಊರಿಗೆ ಯಾವ ರೋಗ ಬಂತೆಂದು ಬೇಗ ತಿಳಿದರೆ ಜೀವಗಳು ಉಳಿದಾವು ಎಂದು ಸರಕಾರ ಹೊಸ ನಿಯಮ ಮಾಡಿತ್ತು: ಪ್ರತಿಯೊಬ್ಬ ವೈದ್ಯನೂ ವರ್ಷಕ್ಕೊಮ್ಮೆ ಶುಲ್ಕ ಕಟ್ಟಬೇಕು, ತಿಂಗಳಿಗೊಮ್ಮೆ ರೋಗಗಳ ಲೆಕ್ಕ ಕಳುಹಿಸಬೇಕು. ಉಳಿದ ವೈದ್ಯರು ಗೊಣಗಿದರು. ಇವರು, ಒಳ್ಳೆಯ ಕೆಲಸಕ್ಕೆ ಸಲ್ಲುವ ದುಡ್ಡಲ್ಲವೇ ಎಂದು, ಎಲ್ಲರಿಗಿಂತ ಮೊದಲು ಬೆಳ್ತಂಗಡಿಗೆ ಹೋಗಿ ಕಟ್ಟಿ ಬಂದರು. ತಮ್ಮ ಪುಸ್ತಕದಲ್ಲಿ ಇದ್ದುದನ್ನು ಇದ್ದ ಹಾಗೆಯೇ ನಕಲು ಮಾಡಿ ಕಳುಹಿಸಿದ್ದೇ ತಪ್ಪಾಯಿತು.

ಪುಸ್ತಕದಲ್ಲಿ ಇದ್ದದ್ದು, ಕ್ಲಿನಿಕ್ಕಾಗಿದ್ದ ಮನೆಯ ಎದುರಿನ ಕೋಣೆಯ ಮಾತು. ಗಂಡನೋ ಮೈದುನನೋ ಬಗಲಲ್ಲಿ ನಿಂತಿರುವಾಗ ಹೆಂಗಸರು ತಲೆನೋವು ಎಂದಷ್ಟೇ ಹೇಳುವರು. ಆಮೇಲೆ ನೀರು ಕುಡಿಯುವ ನೆಪದಲ್ಲಿ ಮನೆಯ ಹಿಂದಕ್ಕೆ ಹೋಗಿ, ಡಾಕ್ಟರ ಹೆಂಡತಿ ಬೀಪಾತುಮ್ಮನ ಅಡುಗೆಮನೆಯಲ್ಲಿ ಮಣೆಯ ಮೇಲೆ ಕುಳಿತು ನಿಜವನ್ನು ಬಿಚ್ಚುವರು. ಬೀಪಾತುಮ್ಮ ಪರದೆಯ ಹಿಂದೆ ಬಂದು ಗಂಡನ ಕಿವಿಗೆ ಎರಡು ಮಾತು ಹಾಕುವಳು. ಮದ್ದು ನಿಜವಾದ ರೋಗಕ್ಕೇ ಸಿಗುವುದು. ಪುಸ್ತಕದಲ್ಲಿ ಮಾತ್ರ ತಲೆನೋವೇ ಉಳಿಯುವುದು. ಇದು ಶುರುವಾದದ್ದು ಅವರ ಮಗಳು ರಿಫಾ ತೀರಿಕೊಂಡ ವರ್ಷ. ತಂದೆಯೇ ಡಾಕ್ಟರಾಗಿದ್ದರೂ, ತಂದೆಯೆದುರು ಹೇಳಲಾರದ ನೋವೊಂದನ್ನು ಬಚ್ಚಿಟ್ಟುಕೊಂಡೇ ಆ ಹುಡುಗಿ ಹೊರಟುಹೋಗಿದ್ದಳು. ಕೊಟ್ಟವನೇ ಕರೆಸಿಕೊಂಡ ಎಂದು ಇಬ್ಬರೂ ಅಲ್ಲಾಹನಿಗೆ ತಲೆಬಾಗಿದರು. ಆದರೆ ಮಗಳ ಕಬರಿನ ಮಣ್ಣು ಆರುವ ಮೊದಲೇ ಹಿಂದಿನ ಬಾಗಿಲಿನ ಚಿಲಕ ತೆಗೆದ ಬೀಪಾತುಮ್ಮ, ಹಗಲು ಹೊತ್ತಿನಲ್ಲಿ ಅದನ್ನು ಮತ್ತೆ ಹಾಕಲಿಲ್ಲ.

“ಸರ್, ರೋಗ ಇದ್ದರೆ ಯಾವುದು ಅಂತ ಹೇಳಿ,” ಎಂದಳು ವಿಸ್ಮಿತಾ. “ಇಲ್ಲದಿದ್ದರೆ ಸುಳ್ಳು ಲೆಕ್ಕ ಅಂತ ಬರೀಬೇಕಾಗ್ತದೆ. ಆಮೇಲೆ ಕ್ಲಿನಿಕ್ ಮುಚ್ಚಿಸ್ತಾರೆ.”

ಸೇಸಮ್ಮ ಸೆರಗನ್ನು ಬಾಯಿಗೆ ಹಿಡಿದು ನೆಲ ನೋಡತೊಡಗಿದಳು. ಈಗ ಇದ್ದುದನ್ನು ಹೇಳಿಬಿಟ್ಟರೆ ನಾಳೆಯಿಂದ ಬೀಪಾತುಮ್ಮನ ಮಣೆಯ ಮೇಲೆ ಯಾರೂ ಕೂರುವುದಿಲ್ಲ ಎಂದು ನಿಝಾಮುದ್ದೀನರಿಗೆ ಗೊತ್ತಿತ್ತು.

“ಲೆಕ್ಕ ಸುಳ್ಳು. ಬರೆದವನು ನಾನು,” ಎಂದರು. “ಪ್ರಾಯ ಆಯ್ತಲ್ಲ, ಬರೆಯಲಿಕ್ಕೆ ಉದಾಸೀನ. ಮುಚ್ಚಿಸುವುದಾದರೆ ಮುಚ್ಚಿಸಿ.”

ಪರದೆಯ ಹಿಂದೆ ಬಳೆ ಸದ್ದಾಯಿತು. “ಬಿಸಿಲಿಗೆ ಬಂದಿದ್ದೀ ಮಗಳೇ, ಒಳಗೆ ಬಾ. ಮುಚ್ಚಿಸುವ ಮೊದಲು ಒಂದು ಚಾ ಕುಡಿ.”

“ಬೇಡಮ್ಮ, ಡ್ಯೂಟಿಯಲ್ಲಿದ್ದೇನೆ.”

“ಡ್ಯೂಟಿ ಒಳಗೂ ಉಂಟು. ಬಾ.”

ವಿಸ್ಮಿತಾ ಒಳಗೆ ಹೋದಳು. ತುಸು ಹೊತ್ತಿಗೆ ಸೇಸಮ್ಮನೂ ಬಾಯಾರಿಕೆ ಎನ್ನುತ್ತ ಎದ್ದಳು. ಅವಳ ಹಿಂದೆ ಇನ್ನಿಬ್ಬರು. ಒಳಗಿನಿಂದ ಒಮ್ಮೆ ನಗು ಕೇಳಿಸಿತು, ಆಮೇಲೆ ಪಿಸುಮಾತು, ಆಮೇಲೆ ಏನೂ ಇಲ್ಲ. ಒಂದು ಚಾ ಕುಡಿಯಲು ಇಷ್ಟು ಹೊತ್ತು ಯಾರಿಗೂ ಬೇಡ. ನಿಝಾಮುದ್ದೀನರು ಸೇಸಮ್ಮನ ಗಂಡನ ರಕ್ತದೊತ್ತಡ ನೋಡಿ, ಎಷ್ಟಿತ್ತೆಂದು ಮರೆತು, ಮತ್ತೊಮ್ಮೆ ನೋಡಿದರು.

“ಜೋರುಂಟಾ ಡಾಕ್ಟ್ರೇ?” ಎಂದ ಅವನು ಹೆದರಿ.

“ನಿನಗಲ್ಲ ಮಾರಾಯ, ನನಗೆ.”

ವಿಸ್ಮಿತಾ ಹೊರಗೆ ಬಂದಾಗ ಬಾಟಲಿಗಳು ಖಾಲಿಯಾಗಿಯೇ ಇದ್ದವು. ಅವಳು ಡಾಕ್ಟರ ಮೇಜಿನ ಹತ್ತಿರ ಬಾಗಿ ಮೆಲ್ಲನೆ ಹೇಳಿದಳು: “ಬಾವಿ ನೋಡುವುದು ಬೇಡ ಸರ್. ಹಳೆಯ ಲೆಕ್ಕವನ್ನು ನಾನು ಸರಿ ಮಾಡಿಸ್ತೇನೆ. ಮುಂದಿನ ತಿಂಗಳಿಂದ ಹೆಂಗಸರದ್ದು ಬೇರೆ ಕಳಿಸಿ. ಹೆಸರು ಬೇಡ, ಮನೆ ಬೇಡ. ಎಷ್ಟು ಜನಕ್ಕೆ ಏನು ಅಂತ ಅಮ್ಮ ಹೇಳಲಿ, ನೀವು ಬರೀರಿ.”

“ಭಾರೀ ಚೆಂದ ಆಯ್ತು! ಶುಲ್ಕ ಕಟ್ಟುವವ ನಾನು, ಡಾಕ್ಟರು ಅವಳು.”

“ಇಷ್ಟು ವರ್ಷ ಮತ್ತೆ ಏನಿತ್ತು?” ಎಂದಿತು ಪರದೆ.

ನಿಝಾಮುದ್ದೀನರು ಈಗ ಮನಸಾರೆ ನಕ್ಕರು. ಜೀಪು ಹೊರಟಿತು. ಆದರೆ ರಸ್ತೆ ಮುಟ್ಟುವ ಮೊದಲೇ ನಿಂತಿತು. ಪಕ್ಕದ ಕಿಟಕಿಯಿಂದ ಅವರು ನೋಡುತ್ತಿದ್ದಂತೆ ವಿಸ್ಮಿತಾ ಇಳಿದು ಚಾಲಕನಿಗೆ ಏನೋ ಹೇಳಿದಳು. ಕೊರಳಿನ ಬಿಲ್ಲೆ ತೆಗೆದು ಚೀಲಕ್ಕೆ ಹಾಕಿಕೊಂಡಳು. ಎದುರಿನ ಬಾಗಿಲಿಗೆ ಬರಲಿಲ್ಲ. ಬಟ್ಟೆ ಒಗೆಯುವ ಕಲ್ಲನ್ನು ಸುತ್ತಿ ಹೋಗಿ, ಅಡುಗೆಮನೆಯ ಮೆಟ್ಟಿಲ ಬಳಿ ಕಾಯುತ್ತಿದ್ದ ಹೆಂಗಸರ ಹಿಂದೆ ಕೊನೆಯವಳಾಗಿ ನಿಂತು, ಯಾರಾದರೂ ನೋಡಿದರೋ ಎಂದು ಒಮ್ಮೆ ಸುತ್ತ ಕಣ್ಣು ಹಾಯಿಸಿದಳು.

ನಿಝಾಮುದ್ದೀನರು ಸದ್ದಾಗದಂತೆ ಕಿಟಕಿ ಎಳೆದುಕೊಂಡರು.